ಜನವರಿ 1ಕ್ಕೆ ಭೀಮಾ ಕೋರೆಗಾಂವ್‌ಗೆ ಹೊರಟವರಿಗೆ

1818ರ ಯುದ್ಧದ ನೆನಪಿನ ಕಂಬವಾದ ಜಯಸ್ತಂಭಕ್ಕೆ ನಮಿಸಲು ಪ್ರತಿ ಜನವರಿ 1ಕ್ಕೆ ಪುಣೆ ಹತ್ತಿರದ ಈ ಊರಿನ ಬಳಿ ಜನ ಸೇರುತ್ತಾರೆ. ಮೊದಲು ರೂಮಿನ ವಿಷಯ. ಡಿಸೆಂಬರ್ 31ರ ರಾತ್ರಿ ಪುಣೆಯಲ್ಲಿ ಉಳಿಯಬೇಡಿ. ಫೋನಿನಲ್ಲಿ 900 ರೂಪಾಯಿ ಎಂದಿದ್ದ ಲಾಡ್ಜಿನವನು ನಾನು ಬ್ಯಾಗ್ ಹಿಡಿದು ಎದುರಿಗೆ ನಿಂತಾಗ 2,200 ಎಂದ. ಹೊಸ ವರ್ಷದ ರೇಟಂತೆ. ಬಕೆಟ್ಟಿಗೆ ಹಿಡಿ ಇಲ್ಲ, ನಲ್ಲಿಯಲ್ಲಿ ಬಿಸಿನೀರಿಲ್ಲ, ಕೆಳಗಿನ ಪಾರ್ಟಿ ನಿಲ್ಲಲೇ ಇಲ್ಲ. ರಾತ್ರಿ ರೈಲಿಗೆ ಹತ್ತಿ, ಬೆಳಿಗ್ಗೆ ಇಳಿದು, ಸೀದಾ ಹೊರಟುಬಿಡಿ.

ಜಯಸ್ತಂಭ ಕೋರೆಗಾಂವ್ ಊರೊಳಗಿಲ್ಲ. ಪುಣೆಯಿಂದ ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ಕಡೆ ಸುಮಾರು 30 ಕಿ.ಮೀ. ಹೋದರೆ, ಭೀಮಾ ನದಿ ದಾಟುವ ಮೊದಲೇ, ಪೆರ್ಣೆಯಲ್ಲಿ ಸಿಗುತ್ತದೆ. ಅವತ್ತು ಹೆದ್ದಾರಿಯ ಸಂಚಾರ ಬದಲಿಸಿರುತ್ತಾರೆ. ದೂರದಲ್ಲೇ ಗಾಡಿ ಬಿಟ್ಟು ಉಚಿತ ಬಸ್ ಹತ್ತಬೇಕು. ಹತ್ತುವುದು ಅನ್ನೋದು ಸುಮ್ನೆ ಮಾತಿಗೆ. ನನ್ನ ಒಂದು ಕಾಲು ಮೆಟ್ಟಿಲ ಮೇಲಿತ್ತು, ಇನ್ನೊಂದು ಯಾರದೋ ಚೀಲದ ಮೇಲೆ. ಆದರೂ ಬಸ್ಸಿನ ತುಂಬ ಜೈಭೀಮ್ ಕೂಗು, ನಗು. ನನಗೆ ಜನಜಾತ್ರೆ ಇಷ್ಟ. ಆಗದವರು ಮುಂದೆ ಓದಿ.

ಈ ಕಂಬ ನಿಲ್ಲಿಸಿದ್ದು ಈಸ್ಟ್ ಇಂಡಿಯಾ ಕಂಪನಿ. 1818ರ ಜನವರಿ 1ರಂದು ಅದರ ಸುಮಾರು 800 ಸೈನಿಕರು ಮರಾಠರ ಪೇಶ್ವೆ ಎರಡನೇ ಬಾಜಿರಾಯನ ಭಾರಿ ಸೈನ್ಯವನ್ನು ಇಲ್ಲಿ ತಡೆದು ನಿಲ್ಲಿಸಿದರು. ಕಂಪನಿಯ ಆ ಸೈನಿಕರಲ್ಲಿ ಮಹಾರರು, ಅಂದರೆ ಮಹಾರಾಷ್ಟ್ರದ ಒಂದು ದಲಿತ ಸಮುದಾಯದವರು, ತುಂಬಾ ಜನ. ಕಲ್ಲಿನಲ್ಲಿ ಬ್ರಿಟಿಷ್ ಸೈನ್ಯದ ಹೆಮ್ಮೆಯ ಗೆಲುವು ಅಂತ ಬರೆದಿದೆ. ಅದು ಈಗ ಯಾರಿಗೆ ಬೇಕು? ಜನ ಹುಡುಕುವುದು ಸತ್ತವರ ಪಟ್ಟಿಯಲ್ಲಿ 'ನಾಕ್' ಎಂದು ಮುಗಿಯುವ 22 ಹೆಸರುಗಳನ್ನು. ಅವೆಲ್ಲ ಮಹಾರರ ಹೆಸರು. 1927ರ ಜನವರಿ 1ರಂದು ಬಾಬಾಸಾಹೇಬರು ಇಲ್ಲಿಗೆ ಬಂದರು. ಕಂಪನಿಯ ಕಂಬ ದಲಿತರ ಸ್ವಾಭಿಮಾನದ ಕಂಬವಾಯಿತು. 2018ರಲ್ಲಿ, 200ನೇ ವರ್ಷಕ್ಕೆ ಸೇರಿದವರ ಮೇಲೆ ಕಲ್ಲು ಬಿದ್ದವು. ಅಲ್ಲಿಂದ ಪೊಲೀಸ್ ಬಂದೋಬಸ್ತ್ ಜಾಸ್ತಿ. ದೊಡ್ಡ ಬ್ಯಾಗ್ ಒಯ್ದರೆ ನಿಮಗೇ ತೊಂದರೆ.

ಊಟ ಮಾತ್ರ ಮರೆಯಲಾರೆ. ರಸ್ತೆ ಬದಿ ಶಾಮಿಯಾನದಡಿ ಒಬ್ಬ ಅಕ್ಕ ಜೋಳದ ಭಾಕರಿ ತಟ್ಟುತ್ತಿದ್ದರು. ಕಾವಲಿಯಿಂದ ತೆಗೆದು ನೇರ ಕೆಂಡಕ್ಕೆ ಒರಗಿಸಿದರೆ ಪುಸ್ಸನೆ ಉಬ್ಬುತ್ತಿತ್ತು. ಜೊತೆಗೆ ಕಡಲೆಹಿಟ್ಟಿನ ಪಿಠಲ, ಕುಟ್ಟಿದ ಹಸಿಮೆಣಸಿನಕಾಯಿ ಠೇಚಾ, ಗುದ್ದಿದ ಈರುಳ್ಳಿ. ಪಿಠಲ ಅಂದ್ರೆ ನಮ್ಮ ಝುಣಕದ ತೆಳು ರೂಪ ಅಲ್ವಾ, ಇಲ್ಲಿ ಬೆಳ್ಳುಳ್ಳಿ ಜೋರು. ತಟ್ಟೆಗೆ 50 ರೂಪಾಯಿ. ಬೆಂಗಳೂರಿನಿಂದ ಬಂದೆ ಎಂದಿದ್ದಕ್ಕೆ ಕೇಳದೆಯೇ ಇನ್ನೊಂದು ಭಾಕರಿ ಬಿತ್ತು. ಮೂಗು ಒರೆಸಿಕೊಂಡು ತಿಂದೆ. ಪಕ್ಕದಲ್ಲೇ ಪುಸ್ತಕದ ಮಳಿಗೆಗಳು ಸಾಲಾಗಿವೆ. ಬಹುತೇಕ ಮರಾಠಿ, ಹಿಂದಿ.

ಹೆಸರುಗಳನ್ನು ನಿಂತು ಓದಬೇಕು ಎನ್ನುವವರು ಆ ದಿನ ಬರಬೇಡಿ. ಕಂಬ ಹೂವಿನಲ್ಲಿ ಮುಚ್ಚಿರುತ್ತದೆ, ಸಾಲು ಹಿಂದಿನಿಂದ ತಳ್ಳುತ್ತಿರುತ್ತದೆ. ವಯಸ್ಸಾದವರು, ಸಣ್ಣ ಮಕ್ಕಳು ಇದ್ದರೆ ಬೇರೆ ದಿನವೇ ವಾಸಿ. ಜನವರಿ 1ಕ್ಕೇ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ವಾಪಸ್ ಬಸ್ಸಿಗೆ ಕತ್ತಲಾಗುವ ಮೊದಲೇ ನಿಲ್ಲಿ. ಗುಂಪಿನಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಚಿಲ್ಲರೆ ಇಟ್ಟುಕೊಳ್ಳಿ.