ಮೂರಡಿ ಟ್ಯಾಂಕಿಗೊಂದು ಡ್ವಾರ್ಫ್ ಏಂಜೆಲ್: ಶಿವಮೊಗ್ಗದ ಮನೆಯಿಂದ ಟಿಪ್ಪಣಿಗಳು

ಮೇ 11

ಮನೆಯ ಸಮುದ್ರದ ಮೀನಿನ ಟ್ಯಾಂಕಿಗೆ ಇವತ್ತು ಹದಿನಾಲ್ಕು ತಿಂಗಳು ತುಂಬಿತು. ಹಿಂಬದಿಯ ಕಲ್ಲಿನ ಮೇಲೆ ನೇರಳೆ ಬಣ್ಣದ ಕೋರಲೈನ್ ಪಾಚಿ ಅಂಗೈ ಅಗಲ ಹರಡಿದೆ. ಗಾಜಿನ ಮೇಲೆ ಎರಡು ದಿನಕ್ಕೊಮ್ಮೆ ತೆಳು ಕಂದು ಪೊರೆ ಕೂರುತ್ತದೆ. ಇಷ್ಟು ದಿನ ಕಾದಿದ್ದು ಇದಕ್ಕೇ. ನಾನು ತರಬೇಕೆಂದಿರುವ ಡ್ವಾರ್ಫ್ ಏಂಜೆಲ್ (ಸಮುದ್ರದ ಏಂಜೆಲ್ ಮೀನುಗಳಲ್ಲಿ ಸಣ್ಣ ಗಾತ್ರದ ಗುಂಪು) ದಿನವಿಡೀ ಕಲ್ಲು ಮೇಯುವ ಮೀನು. ಹೊಸ ಟ್ಯಾಂಕಿನ ಬೋಳು ಕಲ್ಲಿನಲ್ಲಿ ಅದಕ್ಕೆ ಮೇವೇ ಇರುವುದಿಲ್ಲ.

ಟ್ಯಾಂಕಿನ ಅಳತೆ 36x18x18 ಇಂಚು, ಅಂದರೆ ಸುಮಾರು 190 ಲೀಟರ್. ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ ಮೀನು, ಎರಡು ಕ್ಲೀನರ್ ಸೀಗಡಿ ಇವೆ. ಹವಳಗಳೆಲ್ಲ ಮೆತ್ತನೆಯವು. ಸಾಗರ ಊರಿನ ಗೆಳೆಯ ತನ್ನ ಟ್ಯಾಂಕಿನಿಂದ ಕತ್ತರಿಸಿ ಕೊಟ್ಟ ಲೆದರ್ ಹವಳ, ಒಂದಿಷ್ಟು ಮಶ್ರೂಮ್ ಹವಳ, ಹಸಿರು ಸ್ಟಾರ್ ಪಾಲಿಪ್, ಮೂರು ಬಣ್ಣದ ಜೋವಾ (ಗುಂಡಿಗಳಂತೆ ಗುಂಪಾಗಿ ಬೆಳೆಯುವವು). ಗಟ್ಟಿ ಹವಳ ಇಟ್ಟಿಲ್ಲ, ಇಡುವುದೂ ಇಲ್ಲ. ನಮ್ಮ ಕಡಲಿನ ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ ಇರುವ ಪಟ್ಟಿ ಅದು. ಮುರ್ಡೇಶ್ವರದ ಆಚೆ ನೇತ್ರಾಣಿಯಲ್ಲಿ ನೀರಿಗಿಳಿದು ಹವಳ ನೋಡಿ ಬಂದವರಿಗೆ ಆ ಕಾನೂನು ಯಾಕೆ ಬೇಕು ಅಂತ ಬೇರೆ ಹೇಳಬೇಕಾಗಿಲ್ಲ. ನನ್ನ ಟ್ಯಾಂಕಿನ ಕಲ್ಲು ಕೂಡ ಸಮುದ್ರದಿಂದ ಕಿತ್ತದ್ದಲ್ಲ, ಒಣ ಸೆರಾಮಿಕ್ ಕಲ್ಲು.

ಇದರಿಂದ ಏಂಜೆಲ್ ವಿಷಯದಲ್ಲಿ ಒಂದು ಅನುಕೂಲವೂ ಆಯಿತು. ಈ ಮೀನುಗಳು ಹೆಚ್ಚಾಗಿ ಬಾಯಿ ಹಾಕುವುದು ದಪ್ಪ ಮಾಂಸದ ಗಟ್ಟಿ ಹವಳಗಳಿಗೆ ಮತ್ತು ದೊಡ್ಡ ಚಿಪ್ಪುಜೀವಿಗಳ (ಕ್ಲ್ಯಾಮ್) ಮಾಂಸದ ಅಂಚಿಗೆ. ಲೆದರ್, ಮಶ್ರೂಮ್‌ಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ನನಗೆ ಭಯ ಇರುವುದು ಜೋವಾಗಳದ್ದು ಮಾತ್ರ.

ಮೇ 18

ಯಾವ ಮೀನು? ಮೂರು ವರ್ಷದಿಂದ ಮನಸ್ಸಿನಲ್ಲಿರುವುದು ಫ್ಲೇಮ್ ಏಂಜೆಲ್. ಕೆಂಡದ ಬಣ್ಣ, ಮೈಮೇಲೆ ಕಪ್ಪು ಪಟ್ಟೆಗಳು, ರೆಕ್ಕೆಯ ತುದಿಯಲ್ಲಿ ನೀಲಿ. ಪೆಸಿಫಿಕ್ ಮಧ್ಯದ ಕಿರಿಬಾಟಿ, ಮಾರ್ಷಲ್ ದ್ವೀಪಗಳ ಕಡೆಯಿಂದ ಬರುತ್ತದೆ. ಅಷ್ಟು ದೂರದಿಂದ ಬರುವ ಮೀನಿಗೆ ಬೆಲೆಯೂ ಹಾಗೇ. ನನಗೆ ಹೇಳಿದ ಬೆಲೆ ಕೋರಲ್ ಬ್ಯೂಟಿ ಎಂಬ ಇನ್ನೊಂದು ಡ್ವಾರ್ಫ್ ಏಂಜೆಲ್‌ನ ಐದು ಪಟ್ಟು.

ಬೈಕಲರ್ ಏಂಜೆಲ್ ಮತ್ತೆ ತರುವುದಿಲ್ಲ. ಹಿಂದಿನ ಎರಡಡಿ ಟ್ಯಾಂಕಿನಲ್ಲಿ ಒಂದನ್ನು ಇಟ್ಟಿದ್ದೆ. ಅರ್ಧ ಹಳದಿ, ಅರ್ಧ ನೀಲಿ, ನೋಡಲು ತುಂಬಾ ಚೆಂದ. ಹನ್ನೊಂದು ದಿನ ಒಂದು ಚೂರೂ ತಿನ್ನಲಿಲ್ಲ. ಹನ್ನೆರಡನೇ ದಿನ ಬೆಳಿಗ್ಗೆ ಕಲ್ಲಿನ ಸಂದಿಯಲ್ಲಿ ಸತ್ತು ಬಿದ್ದಿತ್ತು. ಊಟಕ್ಕೆ ಹಟ ಮಾಡುವ ಮೀನು ಅದು ಅಂತ ಆಮೇಲೆ ಓದಿದೆ. ಮೊದಲೇ ಓದಬೇಕಿತ್ತು. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

ಇದೇ ಗುಂಪಿನ ಏಬ್ಲಿ 15 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ಲೆಮನ್ ಪೀಲ್ 14. ಮೂರಡಿಗೆ ಎರಡೂ ಜಾಸ್ತಿ. ಆಫ್ರಿಕಾ ತೀರದ ಫ್ಲೇಮ್‌ಬ್ಯಾಕ್ ಎಂಟು ಸೆಂಟಿಮೀಟರ್ ಒಳಗೇ ನಿಲ್ಲುತ್ತದೆ, ಅಳತೆಯಲ್ಲಿ ನನ್ನ ಟ್ಯಾಂಕಿಗೆ ಅದೇ ಸರಿ. ಆದರೆ ಮೂರು ತಿಂಗಳು ಕೇಳಿದರೂ ಯಾರ ಹತ್ತಿರವೂ ಬರಲಿಲ್ಲ. ಉಳಿದದ್ದು ಹತ್ತು ಸೆಂಟಿಮೀಟರಿನ ಕೋರಲ್ ಬ್ಯೂಟಿ. ಹಿಂದೂ ಮಹಾಸಾಗರದಿಂದ ಪೆಸಿಫಿಕ್‌ವರೆಗೆ ಸಿಗುವ ಮೀನು. ಎಲ್ಲ ಅಂಗಡಿಯಲ್ಲೂ ಇರುತ್ತದೆ ಅಂತ ನಾನೂ ಅದನ್ನು ಸರಿಯಾಗಿ ನಿಂತು ನೋಡಿರಲಿಲ್ಲ.

ಎರಡು ತರಬಹುದಲ್ವಾ ಅಂತ ಸಾಗರ ಊರಿನ ಗೆಳೆಯ ಕೇಳಿದ. ಈ ಜಾತಿಯ ಮೀನುಗಳೆಲ್ಲ ಮೊದಲು ಹೆಣ್ಣು. ಗುಂಪಿನಲ್ಲಿ ದೊಡ್ಡದು, ಜೋರಿನದು ಗಂಡಾಗುತ್ತದೆ. ಅಳತೆಯಲ್ಲಿ ವ್ಯತ್ಯಾಸ ಇರುವ ಎರಡನ್ನು ಒಟ್ಟಿಗೆ ಬಿಟ್ಟರೆ ಜೋಡಿ ಆಗಬಹುದು. ಅದಕ್ಕೆ ಐದಾರು ಅಡಿ ಜಾಗ ಬೇಕು. ನನ್ನಲ್ಲಿ ಒಂದೇ.

ಜೂನ್ 5

ಮಳೆ ಹಿಡಿಯಿತು. ಬೇಸಿಗೆಯಲ್ಲಿ ದಿನಕ್ಕೆ ಎರಡೂವರೆ ಲೀಟರ್ ಆವಿಯಾಗುತ್ತಿದ್ದ ನೀರು ಈಗ ಒಂದು ಲೀಟರ್ ಕೂಡ ಇಳಿಯುವುದಿಲ್ಲ. ಫ್ಯಾನ್ ತೆಗೆದಿಟ್ಟೆ, ಹೀಟರ್ ಹಾಕಿದೆ. 25.5 ಡಿಗ್ರಿಯಲ್ಲಿ ನಿಂತಿದೆ.

ಕ್ವಾರಂಟೈನ್ ಟ್ಯಾಂಕ್ ರೆಡಿ. ಎರಡಡಿ, 50 ಲೀಟರ್. ಒಳಗೆ ಮರಳಿಲ್ಲ, ಕಲ್ಲಿಲ್ಲ, ಅಡಗಲು ಪಿವಿಸಿ ಪೈಪಿನ ತುಂಡುಗಳು. ಒಂದು ತಿಂಗಳು ಸಂಪ್‌ನಲ್ಲಿ (ದೊಡ್ಡ ಟ್ಯಾಂಕಿನ ನೀರು ಸೋಸುವ ತೊಟ್ಟಿ) ಇಟ್ಟು, ಒಳ್ಳೆಯ ಬ್ಯಾಕ್ಟೀರಿಯಾ ಕೂರಲು ಹದ ಮಾಡಿದ ಸ್ಪಂಜ್ ಫಿಲ್ಟರನ್ನು ಅಲ್ಲಿಗೆ ಹಾಕಿದೆ. ಅಮೋನಿಯಾ ಸೊನ್ನೆ.

ನೀರಿನ ಬಗ್ಗೆ ತುಂಬಾ ಜನ ಕೇಳುತ್ತಾರೆ. ಆಗುಂಬೆ ಘಾಟಿ ಇಳಿದರೆ ಸಮುದ್ರ, ಕ್ಯಾನಿನಲ್ಲಿ ತುಂಬಿ ತರಬಹುದಲ್ವಾ ಅಂತ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಹೊಳೆಗಳೆಲ್ಲ ಕೆಂಪಗೆ ತುಂಬಿ ಕಡಲು ಸೇರುತ್ತವೆ. ದಡದ ನೀರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ, ಮಣ್ಣು ಜಾಸ್ತಿ ಇರುತ್ತದೆ. ಹಾಗಾಗಿ ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸುತ್ತೇನೆ. 20 ಲೀಟರಿಗೆ ಸುಮಾರು 700 ಗ್ರಾಂ.

ಜೂನ್ 21

ಬೆಂಗಳೂರಿಗೆ ಹೋಗಿ ಬಂದೆ. ಮೂರು ಅಂಗಡಿ ನೋಡಿದೆ.

ಮೊದಲ ಅಂಗಡಿಯಲ್ಲಿ ಲೆಮನ್ ಪೀಲ್ ಅಂತ ಬರೆದ ಹಳದಿ ಮೀನು. ನನಗೆ ಬೇಕಿರಲಿಲ್ಲ, ಆದರೂ ಬಗ್ಗಿ ನೋಡಿದೆ. ನಿಜವಾದ ಲೆಮನ್ ಪೀಲ್‌ಗೆ ಕಣ್ಣಿನ ಸುತ್ತ ನೀಲಿ ಬಳೆ ಇರುತ್ತದೆ, ಕೆನ್ನೆಯ ಅಂಚಿನಲ್ಲಿ ಒಂದು ಮುಳ್ಳು ಇರುತ್ತದೆ. ಇದಕ್ಕೆ ಎರಡೂ ಇಲ್ಲ. ಅದು ಮಿಮಿಕ್ ಟ್ಯಾಂಗ್‌ನ ಮರಿ. ಚಿಕ್ಕಂದಿನಲ್ಲಿ ಏಂಜೆಲ್‌ನಂತೆ ವೇಷ ಹಾಕಿಕೊಂಡು, ದೊಡ್ಡದಾದ ಮೇಲೆ ಒಂದಡಿಯ ಹತ್ತಿರ ಬೆಳೆಯುವ ಮೀನು. ಅಂಗಡಿಯವರಿಗೆ ಹೇಳಿದೆ, ಅವರು ಚೀಟಿ ಬದಲಾಯಿಸಿದರು.

ಮೂರನೇ ಅಂಗಡಿಯಲ್ಲಿ ಫ್ಲೇಮ್ ಇತ್ತು. ಅಷ್ಟು ಹತ್ತಿರದಿಂದ ಮೊದಲ ಸಲ ನೋಡಿದ್ದು. ಹತ್ತು ನಿಮಿಷ ಅದರ ಮುಂದೆಯೇ ನಿಂತೆ. ಬಣ್ಣಕ್ಕೆ ಒಂದು ಕೊರತೆ ಇಲ್ಲ. ಆದರೆ ಮೂಲೆ ಬಿಟ್ಟು ಅಲ್ಲಾಡಲಿಲ್ಲ. ಎದುರಿನಿಂದ ನೋಡಿದಾಗ ಹೊಟ್ಟೆಯ ಎರಡು ಬದಿ ಒಳಗೆ ಸೇದಿತ್ತು. ಕಿವಿರು ಬೇಗ ಬೇಗ ಆಡುತ್ತಿತ್ತು. ಬಂದು ಎರಡು ದಿನ ಆಯ್ತು ಅಂದರು. "ತಿನ್ನುತ್ತಾ?" ಅಂದೆ. "ಇನ್ನೂ ಶುರು ಮಾಡಿಲ್ಲ ಸರ್, ಮಾಡುತ್ತೆ" ಅಂದ ಹುಡುಗ. ಬೈಕಲರ್ ನೆನಪಾಯಿತು. ದುಡ್ಡು ಜೇಬಿನಲ್ಲಿತ್ತು, ಆದರೂ ಕೈ ಹೋಗಲಿಲ್ಲ.

ಪಕ್ಕದ ಟ್ಯಾಂಕಿನಲ್ಲಿ ಐದು ಕೋರಲ್ ಬ್ಯೂಟಿ. ನಾಲ್ಕು ಪೈಪಿನ ಹಿಂದೆ ಸೇರಿದ್ದವು. ಐದನೆಯದು, ಎಲ್ಲಕ್ಕಿಂತ ಸಣ್ಣದು, ಐದು ಸೆಂಟಿಮೀಟರ್ ಇರಬಹುದು, ಗಾಜಿನ ಪಾಚಿಯನ್ನು ಕುಟುಕುತ್ತಾ ಮೇಲಿನಿಂದ ಕೆಳಗೆ ಬರುತ್ತಿತ್ತು. ತಲೆ ಮತ್ತು ರೆಕ್ಕೆ ಕಡು ನೇರಳೆ, ಪಕ್ಕೆಗಳು ಹಣ್ಣಡಿಕೆಯ ಬಣ್ಣ, ಅದರ ಮೇಲೆ ಕೂದಲೆಳೆಯಂಥ ನೇರಳೆ ಗೆರೆಗಳು. ಕುಟುಕಿದಾಗಲೆಲ್ಲ ಒಂದು ಸಲ ಮೈ ಕೊಡವಿ ಮುಂದೆ ಹೋಗುತ್ತಿತ್ತು. ನಾನು ಬೆರಳು ತಂದರೆ ಓಡಿಹೋಗಿ, ಮತ್ತೆ ಅಲ್ಲಿಗೇ ಬಂದು ನೋಡುತ್ತಿತ್ತು. ಬಂದು ಹನ್ನೆರಡು ದಿನ ಆಗಿದೆ ಅಂದರು. ಎದುರಿಗೇ ಮೈಸಿಸ್ (ಸಣ್ಣ ಸೀಗಡಿಯಂಥ ಮೀನಿನ ಆಹಾರ) ಹಾಕಿಸಿದೆ. ಮೂರು ತಿಂದಿತು. ಇದೇ ಅಂದೆ.

ಫಿಲಿಪೈನ್ಸ್, ಇಂಡೋನೇಷ್ಯಾದ ಕಡೆ ಸಯನೈಡ್ ಸಿಂಪಡಿಸಿ ಮೀನು ಹಿಡಿಯುವ ಪದ್ಧತಿ ಇನ್ನೂ ಹೋಗಿಲ್ಲ. ಹಾಗೆ ಹಿಡಿದ ಮೀನು ಮೊದಲು ಚೆನ್ನಾಗಿಯೇ ಕಂಡು, ಕೆಲವು ವಾರಗಳಲ್ಲಿ ಸಾಯಬಹುದು. ಎಲ್ಲಿಂದ ಬಂತು, ಬಂದು ಎಷ್ಟು ದಿನ ಆಯಿತು ಅಂತ ದಯವಿಟ್ಟು ಕೇಳಿ. ಅಂಗಡಿಯಲ್ಲಿ ಕಳೆದ ಒಂದೊಂದು ದಿನವೂ ನಮಗೆ ಲೆಕ್ಕಕ್ಕೆ ಬರುತ್ತದೆ.

ಬಲೆಯಲ್ಲಿ ಹಿಡಿಯಬೇಡಿ ಅಂತ ಕೇಳಿಕೊಂಡೆ. ಕೆನ್ನೆಯ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಾಗ ಮೀನಿಗೆ ಗಾಯ ಆಗುತ್ತದೆ. ಡಬ್ಬಿಯಲ್ಲಿ ಹಿಡಿದುಕೊಟ್ಟರು. ಅವರ ನೀರನ್ನು ಉಪ್ಪು ಅಳೆಯುವ ನನ್ನ ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿದರೆ ಸಾಂದ್ರತೆ 1.018. ಅಂಗಡಿಗಳಲ್ಲಿ ಉಪ್ಪು ಹೀಗೆ ಕಡಿಮೆ ಇಡುವುದುಂಟು. ಮನೆಗೆ ಫೋನ್ ಮಾಡಿ, ಪಕ್ಕಕ್ಕಿಟ್ಟ ಆರ್‌ಒ ನೀರು ಬೆರೆಸಿ ಕ್ವಾರಂಟೈನ್ ಟ್ಯಾಂಕನ್ನೂ ಅಲ್ಲಿಗೇ ಇಳಿಸಲು ತಮ್ಮನಿಗೆ ಹೇಳಿದೆ.

ರೈಲಿನಲ್ಲಿ ಥರ್ಮಾಕೋಲ್ ಪೆಟ್ಟಿಗೆ ತೊಡೆಯ ಮೇಲೇ ಇತ್ತು. ಮನೆ ಸೇರಿದ ಮೇಲೆ ಹನಿ ಹನಿಯಾಗಿ ನೀರು ಬೆರೆಸುತ್ತಾ ಕೂರಲಿಲ್ಲ. ಮುಚ್ಚಿದ ಚೀಲದಲ್ಲಿ ಮೀನಿನ ಉಸಿರಿನಿಂದ ಪಿಎಚ್ ಇಳಿದಿರುತ್ತದೆ, ಅದರಿಂದ ಅಮೋನಿಯಾದ ವಿಷ ಅಡಗಿರುತ್ತದೆ. ಚೀಲ ಬಿಚ್ಚಿ ಗಾಳಿ ಸೋಕಿದರೆ ಪಿಎಚ್ ಏರಿ ಆ ವಿಷ ಎದ್ದೇಳುತ್ತದೆ. ಚೀಲವನ್ನು ಹದಿನೈದು ನಿಮಿಷ ತೇಲಿಬಿಟ್ಟು, ಬಿಸಿ ಸಮ ಆದ ಮೇಲೆ ಬಿಚ್ಚಿ ಮೀನನ್ನು ಮಾತ್ರ ಬಿಟ್ಟೆ. ಲೈಟ್ ಆರಿಸಿದೆ.

ಜೂನ್ 25

ಮೂರು ದಿನ ಪೈಪಿನಿಂದ ಹೊರಗೆ ಬರಲಿಲ್ಲ. ಅಂಗಡಿಯಲ್ಲಿ ತಿಂದ ಮೀನು ಇಲ್ಲಿ ಯಾಕೆ ತಿನ್ನುತ್ತಿಲ್ಲ ಅಂತ ರಾತ್ರಿ ನಿದ್ದೆ ಸರಿ ಬರಲಿಲ್ಲ. ಇವತ್ತು ಬೆಳಿಗ್ಗೆ ಸಣ್ಣ ಕಲ್ಲಿಗೆ ನೋರಿ (ಒಣಗಿಸಿದ ಕಡಲ ಪಾಚಿ) ಹಾಳೆಯ ತುಂಡನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ತಳಕ್ಕೆ ಬಿಟ್ಟು ಸ್ನಾನಕ್ಕೆ ಹೋದೆ. ಅಮ್ಮ ಬಾಗಿಲು ಬಡಿದರು. "ಬೇಗ ಬಾರೋ, ತಿಂತಾ ಇದೆ ನೋಡು!" ಒದ್ದೆ ತಲೆಯಲ್ಲೇ ಬಂದು ನೋಡಿದೆ. ಹಾಳೆಯ ಅಂಚು ಗರಗಸದಲ್ಲಿ ಕೊಯ್ದ ಹಾಗೆ ಆಗಿತ್ತು.

ಜುಲೈ 14

ಉಪ್ಪನ್ನು ದಿನಕ್ಕೆ 0.001ರಂತೆ ಏರಿಸಿ 1.025ಕ್ಕೆ ತಂದು ನಿಲ್ಲಿಸಿದ್ದೇನೆ. ಇಳಿಸುವುದನ್ನು ಮೀನು ತಾಳಿಕೊಳ್ಳುತ್ತದೆ, ಏರಿಸುವಾಗಲೇ ನಿಧಾನ ಬೇಕು.

ಹತ್ತನೇ ದಿನ ತಲೆಯನ್ನು ಪೈಪಿಗೆ ಉಜ್ಜಲು ಶುರು ಮಾಡಿತು. ಒಂದು ಕಣ್ಣು ಸ್ವಲ್ಪ ಮಸುಕಾಗಿತ್ತು. ಏಂಜೆಲ್‌ಗಳಿಗೆ ಮೈಗೆ, ಕಿವಿರಿಗೆ ಅಂಟುವ ಫ್ಲೂಕ್ ಹುಳು ಸಾಮಾನ್ಯ. ಹುಳುವಿನ ಔಷಧಿ ಪ್ರಾಜಿಕ್ವಾಂಟೆಲ್ ವಾರದ ಅಂತರದಲ್ಲಿ ಎರಡು ಸಲ ಹಾಕಿದೆ. ಉಜ್ಜುವುದು ನಿಂತಿತು, ಕಣ್ಣು ತಿಳಿಯಾಯಿತು. ಬಿಳಿ ಚುಕ್ಕೆ ರೋಗ ಬಂದರೆ ಅಂತ ತಾಮ್ರದ ಔಷಧಿ ತಂದಿಟ್ಟಿದ್ದೆ, ಆದರೆ ಚುಕ್ಕೆ ಒಂದೂ ಕಾಣಲಿಲ್ಲ. ಡ್ವಾರ್ಫ್ ಏಂಜೆಲ್‌ಗಳಿಗೆ ತಾಮ್ರ ಅಷ್ಟಾಗಿ ಒಗ್ಗುವುದಿಲ್ಲ, ಹಾಗಾಗಿ ಸುಮ್ನೆ ಹಾಕಲು ಹೋಗಲಿಲ್ಲ.

ಮೊನ್ನೆ ಗಾಳಿಮಳೆಗೆ ಎಲ್ಲೋ ಮರ ಬಿದ್ದು ಏಳು ಗಂಟೆ ಕರೆಂಟ್ ಇರಲಿಲ್ಲ. ಇನ್ವರ್ಟರಿಗೆ ದೊಡ್ಡ ಟ್ಯಾಂಕಿನ ನೀರು ಓಡಾಡಿಸುವ ಒಂದು ವೇವ್ ಮೇಕರ್ ಮಾತ್ರ ಕೊಟ್ಟಿದ್ದೇನೆ, ಚಿಕ್ಕದಕ್ಕೆ ಸೆಲ್ ಹಾಕಿದ ಗಾಳಿ ಪಂಪ್. ಮಲೆನಾಡಿನಲ್ಲಿ ಸಮುದ್ರದ ಟ್ಯಾಂಕ್ ಇಡುವವರು ಕೊಳೆಯನ್ನು ನೊರೆ ಮಾಡಿ ತೆಗೆಯುವ ಸ್ಕಿಮ್ಮರಿಗಿಂತ ಮೊದಲು ಇದನ್ನು ಕೊಳ್ಳಬೇಕು.

ಜುಲೈ 31

ನಲವತ್ತನೇ ದಿನ ದೊಡ್ಡ ಟ್ಯಾಂಕಿಗೆ ಹಾಕಿದೆ. ಮೊದಲ ಎರಡು ದಿನ ತೂತು ಮಾಡಿದ ಪಾರದರ್ಶಕ ಡಬ್ಬಿಯಲ್ಲಿ. ಹೆಣ್ಣು ಕ್ಲೌನ್ ಡಬ್ಬಿಯ ಗೋಡೆಗೆ ಮೂತಿ ಕುಟ್ಟಿ ಕುಟ್ಟಿ ಸುಸ್ತಾಯಿತು. ಎರಡನೇ ರಾತ್ರಿ ಲೈಟ್ ಆರಿದ ಮೇಲೆ ಬಿಟ್ಟೆ. ಬೇರೆ ಮೀನುಗಳೆಲ್ಲ ನೆಲೆ ನಿಂತ ಮೇಲೆ ಕೊನೆಗೆ ಏಂಜೆಲ್ ಬರಬೇಕು. ಮೊದಲೇ ಬಂದರೆ ಇಡೀ ಟ್ಯಾಂಕ್ ತನ್ನದು ಅಂತ ಆಮೇಲೆ ಬಂದವರನ್ನು ಓಡಿಸುತ್ತದೆ.

ಆಗಸ್ಟ್ 16

ಅದಕ್ಕೊಂದು ದಾರಿ ಆಗಿದೆ. ಎಡಗಡೆ ಗವಿಯಿಂದ ಹೊರಟು, ಲೆದರ್ ಕೆಳಗೆ ನುಸುಳಿ, ಹಿಂದಿನ ಕಲ್ಲಿನ ಮೇಲೆ ಮೇಯುತ್ತಾ ಹೋಗಿ, ಪಂಪಿನ ಹತ್ತಿರ ತಿರುಗಿ ಅದೇ ದಾರಿಯಲ್ಲಿ ವಾಪಸ್. ಹಿಂದಿನ ಕಲ್ಲಿನಲ್ಲಿದ್ದ ಕಂದು ಪೊರೆ ಈಗ ಇಲ್ಲ.

ಹೋದ ವಾರ ಹಸಿರು ಜೋವಾಗಳು ಮುಚ್ಚಿಕೊಂಡವು. ಸ್ಟೂಲ್ ಹಾಕಿಕೊಂಡು ಅರ್ಧ ಗಂಟೆ ಕೂತು ನೋಡಿದೆ. ಹೆಚ್ಚಿನ ಸಲ ಅದು ಕುಟುಕುತ್ತಿದ್ದದ್ದು ಕಾಂಡಗಳ ನಡುವೆ ಕೂತ ಕಸವನ್ನು. ಎರಡು ಸಲ ಮಾತ್ರ ಜೋವಾದ ಅಂಚಿಗೇ ಬಾಯಿ ಹಾಕಿತು. ಪಿಪೆಟ್‌ನಿಂದ ಆ ಕಸವನ್ನೆಲ್ಲ ಊದಿ ತೆಗೆದೆ. ಜೋವಾದ ಕಲ್ಲನ್ನು ಅದರ ದಾರಿಯಿಂದ ತಪ್ಪಿಸಿ ಮುಂದಿನ ಮರಳಿಗೆ ಇಳಿಸಿದೆ. ದಿನಕ್ಕೆ ಒಂದೇ ಸಲ ಹಾಕುತ್ತಿದ್ದ ಊಟವನ್ನು ಮೂರು ಸಲ ಮಾಡಿದೆ: ಬೆಳಿಗ್ಗೆ ನೋರಿ, ಮಧ್ಯಾಹ್ನ ಸ್ಪಿರುಲಿನಾ ಪಾಚಿಯ ಆಹಾರ, ಸಂಜೆ ಮೈಸಿಸ್. ಮಧ್ಯಾಹ್ನದ್ದು ಅಮ್ಮ ಹಾಕುತ್ತಾರೆ.

ಇವತ್ತಿಗೆ ಐದನೇ ದಿನ. ಹದಿನಾಲ್ಕರಲ್ಲಿ ಹನ್ನೊಂದು ಜೋವಾ ಬಿರಿದಿವೆ. ನೀರಿನಲ್ಲಿ ಕಸ ಕೊಳೆತು ಸೇರುವ ನೈಟ್ರೇಟ್ 5ರಿಂದ 8ಕ್ಕೆ ಏರಿದೆ, ಊಟ ಜಾಸ್ತಿಯಾಗಿದ್ದರಿಂದ. ಭಾನುವಾರ 20 ಲೀಟರ್ ನೀರು ಬದಲಾಯಿಸಬೇಕು.