1910ರಲ್ಲಿ ಪಾರ್ಲಿಮೆಂಟ್ ಸದಸ್ಯನಾಗಲು ಎಷ್ಟು ಖರ್ಚಾಗುತ್ತಿತ್ತು?

ಬ್ರಿಟಿಷ್ ಪಾರ್ಲಿಮೆಂಟಿನ ಕೆಳಮನೆಯಾದ ಲಂಡನ್ನಿನ ಕಾಮನ್ಸ್ ಸಭೆಗೆ ಸ್ಪರ್ಧಿಸಲು 1910ರಲ್ಲಿ ಕಾನೂನು ಕೇಳುತ್ತಿದ್ದ ಅರ್ಹತೆ ಬಹಳ ಕಡಿಮೆ. ಬ್ರಿಟಿಷ್ ಪ್ರಜೆಯಾಗಿರಬೇಕು, ಗಂಡಸಾಗಿರಬೇಕು, 21 ವರ್ಷ ತುಂಬಿರಬೇಕು. ಇಷ್ಟು ಆಸ್ತಿ ಇರಲೇಬೇಕೆಂಬ ಷರತ್ತು 1858ರಲ್ಲೇ ರದ್ದಾಗಿತ್ತು. ಕ್ಷೇತ್ರದಲ್ಲಿ ಮನೆ ಇರಬೇಕಿರಲಿಲ್ಲ, ಅಲ್ಲಿನ ಮತಪಟ್ಟಿಯಲ್ಲಿ ಹೆಸರೂ ಬೇಕಿರಲಿಲ್ಲ. ವಿಚಿತ್ರವೆಂದರೆ ಆ ಕಾಲದ ಬ್ರಿಟನ್ನಿನಲ್ಲಿ ಅಭ್ಯರ್ಥಿಯಾಗುವುದು ಸುಲಭ, ಮತದಾರನಾಗುವುದೇ ಕಷ್ಟ. ಹಾಗಿದ್ದೂ ಸಭೆಯಲ್ಲಿ ತುಂಬಿಕೊಂಡಿದ್ದವರು ಜಮೀನ್ದಾರರು, ವಕೀಲರು, ಗಿರಣಿ ಮಾಲೀಕರು. ಕಾನೂನು ಬಿಟ್ಟುಕೊಟ್ಟದ್ದನ್ನು ಹಣದ ಚೀಲ ತಡೆಹಿಡಿಯುತ್ತಿತ್ತು.

ಯಾರಿಗೆ ಬಾಗಿಲು ಮುಚ್ಚಿತ್ತು? ಮೇಲ್ಮನೆಯಾದ ಲಾರ್ಡ್ಸ್ ಸಭೆಯವರಿಗೆ, ದಿವಾಳಿಯಾದವರಿಗೆ, ನ್ಯಾಯಾಧೀಶರಿಗೆ, ಸರ್ಕಾರದ ಗುತ್ತಿಗೆ ಹಿಡಿದವರಿಗೆ. ಆಂಗ್ಲಿಕನ್ ಮತ್ತು ರೋಮನ್ ಕ್ಯಾಥೊಲಿಕ್ ಪಾದ್ರಿಗಳು ಸದಸ್ಯರಾಗುವಂತಿರಲಿಲ್ಲ, ಆದರೆ ಮೆಥಡಿಸ್ಟ್ ಬೋಧಕನಿಗೆ ಅಡ್ಡಿಯಿರಲಿಲ್ಲ. ಹೆಂಗಸರಿಗೆ ದಾರಿ ಬಿಟ್ಟ ಕಾನೂನು ಬಂದದ್ದು 1918ರ ನವೆಂಬರಿನಲ್ಲಿ. ಮರುತಿಂಗಳೇ ಐರ್ಲೆಂಡಿನ ಕಾನ್ಸ್ಟೆನ್ಸ್ ಮಾರ್ಕಿಯೆವಿಚ್ ಜೈಲಿನಲ್ಲಿದ್ದುಕೊಂಡೇ ಗೆದ್ದರು. ಅವರ ಸಿನ್ ಫೇನ್ ಪಕ್ಷ ಲಂಡನ್ನಿನ ಸಭೆಯನ್ನೇ ಬಹಿಷ್ಕರಿಸಿದ್ದರಿಂದ ಆಸನದಲ್ಲಿ ಕೂರಲಿಲ್ಲ. ನಿಜವಾಗಿ ಸಭೆಯಲ್ಲಿ ಕುಳಿತ ಮೊದಲ ಮಹಿಳೆ ನ್ಯಾನ್ಸಿ ಆಸ್ಟರ್, 1919ರ ಡಿಸೆಂಬರ್ 1ರಂದು.

"ಬ್ರಿಟಿಷ್ ಪ್ರಜೆ" ಎಂಬ ಮಾತಿನಲ್ಲಿ ನಮ್ಮ ಕಡೆಯ ಒಂದು ಕುತೂಹಲವಿದೆ. ಧಾರವಾಡ, ಬಳ್ಳಾರಿ, ಮಂಗಳೂರು ನೇರ ಬ್ರಿಟಿಷ್ ಆಡಳಿತದಲ್ಲಿದ್ದವು. ಅಲ್ಲಿ ಹುಟ್ಟಿದವನು ಬ್ರಿಟಿಷ್ ಪ್ರಜೆ, ಹಡಗು ಹತ್ತಿ ಹೋಗಿ ಲಂಡನ್ನಿನಲ್ಲಿ ನಾಮಪತ್ರ ಹಾಕಬಹುದಿತ್ತು. ಮೈಸೂರು ಸಂಸ್ಥಾನದಲ್ಲಿ ಹುಟ್ಟಿದವನು ಮಹಾರಾಜರ ಪ್ರಜೆ. ಬ್ರಿಟಿಷರ ಲೆಕ್ಕದಲ್ಲಿ ಅವನು ಬರೀ "ರಕ್ಷಿತ ವ್ಯಕ್ತಿ", ಆ ಹಕ್ಕು ಅವನಿಗಿರಲಿಲ್ಲ. ಹಕ್ಕನ್ನು ಬಳಸಿಕೊಂಡು ಒಳಹೋದ ಮೊದಲ ಭಾರತೀಯರು ಪಾರ್ಸಿಗಳು. ದಾದಾಭಾಯಿ ನವರೋಜಿ 1892ರಲ್ಲಿ ಫಿನ್ಸ್‌ಬರಿ ಸೆಂಟ್ರಲ್‌ನಿಂದ ಕೂದಲೆಳೆಯ ಅಂತರದಲ್ಲಿ ಗೆದ್ದರು. ಮಂಚೇರ್ಜಿ ಭಾವನಗ್ರಿ 1895ರಿಂದ 1906ರವರೆಗೆ ಬೆತ್ನಲ್ ಗ್ರೀನ್ ಈಶಾನ್ಯದ ಸದಸ್ಯರಾಗಿದ್ದರು.

ಮತದಾರನ ಕಷ್ಟ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಬೇಕು, ಏಕೆಂದರೆ ಅಭ್ಯರ್ಥಿಯ ಖರ್ಚು ಶುರುವಾಗುತ್ತಿದ್ದದ್ದೇ ಅಲ್ಲಿಂದ. ಮನೆ ಹಿಡಿದವನು ಜುಲೈ 15ಕ್ಕೆ ಮುಗಿಯುವಂತೆ ಹನ್ನೆರಡು ತಿಂಗಳು ಅಲ್ಲೇ ಇದ್ದಿರಬೇಕು. ಆ ಪಟ್ಟಿ ಜಾರಿಗೆ ಬರುವುದು ಮುಂದಿನ ಜನವರಿ 1ಕ್ಕೆ. ಆಗಸ್ಟಿನಲ್ಲಿ ಮನೆ ಬದಲಿಸಿದವನು ಮುಂದಿನ ಜುಲೈಗೆ ಹನ್ನೆರಡು ತಿಂಗಳು ತುಂಬಿಸಲಾರ. ಅದರ ಮರುವರ್ಷದ ಜುಲೈವರೆಗೆ ಕಾಯಬೇಕು, ಮತ ಸಿಗುವ ಹೊತ್ತಿಗೆ ಎರಡು ವರ್ಷ ದಾಟಿರುತ್ತಿತ್ತು. ಬಾಡಿಗೆ ಕೋಣೆಯಲ್ಲಿರುವವನಾದರೆ ಕೋಣೆಗೆ ವರ್ಷಕ್ಕೆ 10 ಪೌಂಡ್ ಬೆಲೆ ಇರಬೇಕು, ಪ್ರತಿವರ್ಷವೂ ಹೊಸದಾಗಿ ಅರ್ಜಿ ಹಾಕಬೇಕು. ಬಡವರ ಪರಿಹಾರನಿಧಿಯಿಂದ ನೆರವು ಪಡೆದವನ ಹೆಸರು ಹೋಗುತ್ತಿತ್ತು. ಶರತ್ಕಾಲದಲ್ಲಿ ಪಟ್ಟಿ ಪರಿಷ್ಕರಿಸುವ ವಕೀಲರು ಊರೂರಿಗೆ ಬಂದು ನ್ಯಾಯಾಲಯದಂತೆ ಕೂರುತ್ತಿದ್ದರು. ಅಲ್ಲಿ ನಮ್ಮವನ ಹೆಸರು ಸೇರಿಸಿ, ಎದುರಾಳಿಯ ಕಡೆಯವನ ಹೆಸರಿಗೆ ಆಕ್ಷೇಪ ಎತ್ತಲು ಪಕ್ಷಗಳು ಸಂಬಳ ಕೊಟ್ಟು ಏಜೆಂಟರನ್ನು ಇಟ್ಟಿದ್ದವು. ಇದೆಲ್ಲ ಆದ ಮೇಲೆ 1910ರ ಡಿಸೆಂಬರಿನಲ್ಲಿ ಪಟ್ಟಿಯಲ್ಲಿದ್ದವರು ಸುಮಾರು 77 ಲಕ್ಷ, ವಯಸ್ಕ ಗಂಡಸರ ಸುಮಾರು ಅರವತ್ತು ಪ್ರತಿಶತ. ಇತ್ತ ಎರಡು ಮೂರು ಕ್ಷೇತ್ರಗಳಲ್ಲಿ ಆಸ್ತಿ ಇದ್ದವನು ಅಷ್ಟೂ ಕಡೆ ಮತ ಹಾಕಬಹುದಿತ್ತು. ಮತದಾನ ಒಂದೇ ದಿನ ನಡೆಯುತ್ತಿರಲಿಲ್ಲ, 1910ರ ಮೊದಲ ಚುನಾವಣೆ ಜನವರಿ 15ರಿಂದ ಫೆಬ್ರವರಿ 10ರವರೆಗೆ ಎಳೆಯಿತು. ಹಾಗಾಗಿ ರೈಲು ಹಿಡಿದು ಊರೂರು ಸುತ್ತಿ ಮತ ಚಲಾಯಿಸುವಷ್ಟು ಬಿಡುವು ಅವರಿಗಿತ್ತು.

ಒಟ್ಟು 670 ಸ್ಥಾನ, ಅದರಲ್ಲಿ ಐರ್ಲೆಂಡಿಗೆ 103. ಕ್ಷೇತ್ರಗಳ ಗಾತ್ರಕ್ಕೆ ಅಳತೆಗೋಲೇ ಇರಲಿಲ್ಲ. ಐರ್ಲೆಂಡಿನ ಕಿಲ್ಕೆನಿ ಪಟ್ಟಣದಲ್ಲಿ ಎರಡು ಸಾವಿರಕ್ಕಿಂತ ಕಡಿಮೆ ಮತದಾರರು, ಲಂಡನ್ನಿನ ಪಕ್ಕದ ರಾಮ್‌ಫರ್ಡ್‌ನಲ್ಲಿ ಐವತ್ತು ಸಾವಿರದ ಆಸುಪಾಸು.

ನಾಮಪತ್ರಕ್ಕೆ ಹತ್ತು ಸಹಿ ಬೇಕು: ಒಬ್ಬ ಸೂಚಕ, ಒಬ್ಬ ಅನುಮೋದಕ, ಒಪ್ಪಿಗೆ ಕೊಡುವ ಇನ್ನೆಂಟು ಮಂದಿ. ಎಲ್ಲರೂ ಅದೇ ಕ್ಷೇತ್ರದ ಮತದಾರರಾಗಿರಬೇಕು. ಈಗ ನಾವು ಬಲ್ಲ ಠೇವಣಿ ಆಗ ಇರಲಿಲ್ಲ. 1918ರಲ್ಲಿ 150 ಪೌಂಡ್ ಎಂದು ಬಂತು, ಎಂಟನೇ ಒಂದು ಪಾಲು ಮತ ಬರದಿದ್ದರೆ ಮುಟ್ಟುಗೋಲು. ನಮ್ಮಲ್ಲಿ ಆರನೇ ಒಂದು ಪಾಲು ಎಂಬ ನಿಯಮದ ಬೇರು ಅದೇ. ಆದರೆ 1918ಕ್ಕೆ ಮುಂಚೆ ಅದಕ್ಕಿಂತ ದೊಡ್ಡ ಹೊರೆಯೊಂದಿತ್ತು. ಚುನಾವಣೆ ನಡೆಸುವ ಖರ್ಚನ್ನು ಅಭ್ಯರ್ಥಿಗಳೇ ಹಂಚಿಕೊಂಡು ಕೊಡಬೇಕಿತ್ತು. ಮತಗಟ್ಟೆಯ ಬಾಡಿಗೆ, ಗುಮಾಸ್ತರ ಕೂಲಿ, ಮತಪತ್ರ ಅಚ್ಚು ಹಾಕಿಸಿದ ಬಿಲ್ಲು, ಎಲ್ಲವೂ ಅವರ ತಲೆಗೆ. ಠೇವಣಿಯಾದರೆ ಸಾಕಷ್ಟು ಮತ ಬಂದವನಿಗೆ ವಾಪಸಾಗುತ್ತದೆ, ಈ ಹಣ ಗೆದ್ದವನಿಗೂ ವಾಪಸಾಗುತ್ತಿರಲಿಲ್ಲ.

ಇದರ ಮೇಲೆ ಪ್ರಚಾರದ ಖರ್ಚು. 1883ರ ಭ್ರಷ್ಟಾಚಾರ ತಡೆ ಕಾಯ್ದೆ ಅದಕ್ಕೆ ಮಿತಿ ಹಾಕಿತ್ತು. ಪಟ್ಟಣ ಕ್ಷೇತ್ರದಲ್ಲಿ 2,000 ಮತದಾರರವರೆಗೆ 350 ಪೌಂಡ್, ಅದನ್ನು ಮೀರಿದರೆ 380 ಪೌಂಡ್, ಮೇಲಿನ ಪ್ರತಿ ಪೂರ್ಣ ಸಾವಿರಕ್ಕೆ 30 ಪೌಂಡ್. ಹಳ್ಳಿಗಾಡಿನ ಕೌಂಟಿ ಕ್ಷೇತ್ರದಲ್ಲಿ, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನಲ್ಲಿ, 2,000 ಮೀರಿದರೆ 710 ಪೌಂಡ್, ಮೇಲಿನ ಪ್ರತಿ ಸಾವಿರಕ್ಕೆ 60. ಹತ್ತು ಸಾವಿರ ಮತದಾರರ ಪಟ್ಟಣವಾದರೆ 380 ಮತ್ತು ಎಂಟು ಮೂವತ್ತಲ 240, ಒಟ್ಟು 620 ಪೌಂಡ್. ಅದೇ ಸಂಖ್ಯೆಯ ಕೌಂಟಿಯಲ್ಲಿ 1,190 ಪೌಂಡ್. ಅಭ್ಯರ್ಥಿಯ ಓಡಾಟ, ಊಟ, ವಸತಿಯ ಸ್ವಂತ ಖರ್ಚು ಮತ್ತು ಮೇಲೆ ಹೇಳಿದ ಚುನಾವಣಾಧಿಕಾರಿಯ ಬಿಲ್ಲು ಈ ಮಿತಿಯ ಹೊರಗೆ. ವಾರಕ್ಕೆ ಎರಡು ಪೌಂಡ್ ದುಡಿಯುವ ಕಮ್ಮಾರನ ವರ್ಷದ ಗಳಿಕೆ ನೂರು ಪೌಂಡ್ ಚಿಲ್ಲರೆ. ಉಳಿದದ್ದನ್ನು ಓದುಗರೇ ಲೆಕ್ಕ ಹಾಕಲಿ.

ಹಣ ಹೋಗುವ ದಾರಿಯೂ ಒಂದೇ. ಅಭ್ಯರ್ಥಿ ಒಬ್ಬ ಚುನಾವಣಾ ಏಜೆಂಟನ ಹೆಸರನ್ನು ಬರೆದುಕೊಡಬೇಕು, ಸ್ವಂತ ಖರ್ಚೊಂದನ್ನು ಬಿಟ್ಟು ಪ್ರತಿ ಪಾವತಿಯೂ ಅವನ ಕೈಯಿಂದಲೇ ಆಗಬೇಕು. ಫಲಿತಾಂಶದಿಂದ 35 ದಿನದೊಳಗೆ ಲೆಕ್ಕ ಸಲ್ಲಿಸಬೇಕು. ಸಲ್ಲಿಸದೆ ಸಭೆಯಲ್ಲಿ ಕುಳಿತರೆ ದಿನಕ್ಕೆ 100 ಪೌಂಡ್ ದಂಡ. ಮತದಾರರನ್ನು ಕರೆತರಲು ಬಾಡಿಗೆ ಗಾಡಿ ಮಾಡುವಂತಿಲ್ಲ, ಆದರೆ ಗೆಳೆಯರು ತಮ್ಮ ಸ್ವಂತ ಗಾಡಿ ಪುಕ್ಕಟೆ ಕೊಟ್ಟರೆ ತಪ್ಪಲ್ಲ. ಮೋಟಾರು ಕಾರು ಬಂದ ಮೇಲೆ ಈ ಸಂದು ಯಾರಿಗೆ ಲಾಭ ತಂದಿತು ಎಂದು ವಿವರಿಸಬೇಕಿಲ್ಲ, ಕಾರಿದ್ದ ಗೆಳೆಯರು ಹೆಚ್ಚಾಗಿ ಕನ್ಸರ್ವೇಟಿವರ ಕಡೆಯವರು.

ಕಾನೂನಿನ ನಿಜವಾದ ತೂತು ಇದ್ದದ್ದು ಬೇರೆ ಕಡೆ. ಮಿತಿ ಅನ್ವಯಿಸುತ್ತಿದ್ದದ್ದು ಚುನಾವಣೆಯ ಖರ್ಚಿಗೆ ಮಾತ್ರ. ಎರಡು ಚುನಾವಣೆಗಳ ನಡುವಿನ ವರ್ಷಗಳಲ್ಲಿ ಕ್ಷೇತ್ರವನ್ನು "ಸಾಕುವುದು" ಲೆಕ್ಕಕ್ಕೆ ಬರುತ್ತಿರಲಿಲ್ಲ. ಫುಟ್‌ಬಾಲ್ ಕ್ಲಬ್ಬಿಗೆ ಚಂದಾ, ಚರ್ಚಿನ ಮಾಡಿಗೆ ದೇಣಿಗೆ, ಆಸ್ಪತ್ರೆ ನಿಧಿ, ಹೂವಿನ ಪ್ರದರ್ಶನದ ಬಹುಮಾನ ಎಂದು ವರ್ಷವಿಡೀ ಕೈ ಬಿಚ್ಚುತ್ತಲೇ ಇರಬೇಕು. ದಾನ ಎಲ್ಲಿ ಮುಗಿಯಿತು, ಲಂಚ ಎಲ್ಲಿ ಶುರುವಾಯಿತು ಎಂಬ ಗೆರೆಯನ್ನು ದಾಟಿ ಕೈ ಸುಟ್ಟುಕೊಂಡವರು ಹಲ್ ಸೆಂಟ್ರಲ್ ಕ್ಷೇತ್ರದ ಸರ್ ಹೆನ್ರಿ ಸೀಮೋರ್ ಕಿಂಗ್. ಭಾರತದೊಡನೆ ವ್ಯವಹಾರವಿದ್ದ ಬ್ಯಾಂಕರ್ ಇವರು. ಸದಸ್ಯರಾಗಿ ಇಪ್ಪತ್ತೈದು ವರ್ಷವಾದ ಸಂಭ್ರಮಕ್ಕೆಂದು ಕ್ಷೇತ್ರದ ಬಡವರಿಗೆ ಕಲ್ಲಿದ್ದಲು, ಮಕ್ಕಳಿಗೆ ಮಿಠಾಯಿ ಹಂಚಿಸಿದರು. ಚುನಾವಣಾ ತಕರಾರು ಅರ್ಜಿಯ ವಿಚಾರಣೆಯಾಗಿ 1911ರಲ್ಲಿ ಅವರ ಆಯ್ಕೆ ರದ್ದಾಯಿತು. ಇಂಥ ಅರ್ಜಿ ಹಾಕುವುದೂ ಬಡವರ ಕೆಲಸವಲ್ಲ. ಇಬ್ಬರು ನ್ಯಾಯಾಧೀಶರ ಮುಂದೆ ವಿಚಾರಣೆ, ಅದಕ್ಕೆ ಮೊದಲು 1,000 ಪೌಂಡ್ ಭದ್ರತೆ. ಬಹುಪಾಲು ಅಕ್ರಮಗಳು ಸುದ್ದಿಯಾಗದೇ ಉಳಿದದ್ದಕ್ಕೆ ಈ ಮೊತ್ತವೇ ಕಾರಣ ಎಂಬುದು ನನ್ನ ಗುಮಾನಿ. ಸ್ಪರ್ಧೆಯೇ ಇಲ್ಲದೆ ಗೆಲ್ಲುವುದು ಎಲ್ಲಕ್ಕಿಂತ ಅಗ್ಗ, 1910ರ ಡಿಸೆಂಬರಿನಲ್ಲಿ 163 ಮಂದಿ ಹಾಗೆ ಅವಿರೋಧವಾಗಿ ಆಯ್ಕೆಯಾದರು.

ಇಷ್ಟೆಲ್ಲ ಸುರಿದು ಗೆದ್ದವನಿಗೆ ಸಂಬಳ ಸೊನ್ನೆ. ಐರಿಷ್ ಪಕ್ಷ ತನ್ನ ಬಡ ಸದಸ್ಯರಿಗೆ ನಿಧಿಯಿಂದ ಕೊಡುತ್ತಿತ್ತು, ಲೇಬರ್ ಪಕ್ಷ ವರ್ಷಕ್ಕೆ 200 ಪೌಂಡ್ ಕೊಡುತ್ತಿತ್ತು. ಲೇಬರ್ ನಿಧಿ ಬರುತ್ತಿದ್ದದ್ದು ಕಾರ್ಮಿಕ ಸಂಘಗಳ ವಂತಿಗೆಯಿಂದ. 1909ರ ಡಿಸೆಂಬರಿನಲ್ಲಿ ಆಸ್ಬೋರ್ನ್ ಎಂಬ ರೈಲ್ವೆ ಪೋರ್ಟರ್ ತನ್ನ ಸಂಘದ ವಿರುದ್ಧವೇ ಹೂಡಿದ್ದ ದಾವೆಯಲ್ಲಿ, ಸಂಘದ ಹಣವನ್ನು ರಾಜಕೀಯಕ್ಕೆ ಬಳಸುವುದು ಕಾನೂನುಬಾಹಿರ ಎಂದು ಆಗ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಲಾರ್ಡ್ಸ್ ಸಭೆ ತೀರ್ಪು ಕೊಟ್ಟಿತು. ಲೇಬರ್ ಸದಸ್ಯರ ಅನ್ನಕ್ಕೇ ಕಲ್ಲು ಬಿತ್ತು. ಲಿಬರಲ್ ಸರ್ಕಾರಕ್ಕೆ ಅವರ ಬೆಂಬಲ ಬೇಕಿತ್ತು. 1911ರ ಆಗಸ್ಟಿನಲ್ಲಿ ವರ್ಷಕ್ಕೆ 400 ಪೌಂಡ್ ಕೊಡುವ ನಿರ್ಣಯವನ್ನು ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ತಂದರು. ಸಂಘದ ರಾಜಕೀಯ ನಿಧಿಗೆ ಮತ್ತೆ ದಾರಿಯಾದದ್ದು 1913ರ ಕಾಯ್ದೆಯಿಂದ.

400 ಪೌಂಡ್ ಕೇಳಲು ದೊಡ್ಡದು. ಆದರೆ ಕ್ಷೇತ್ರಕ್ಕೆ ಹೋಗಿಬರುವ ರೈಲು ಚಾರ್ಜು, ಲಂಡನ್ನಿನ ಕೋಣೆ ಬಾಡಿಗೆ, ಕಾಗದಗಳ ಅಂಚೆ ವೆಚ್ಚ, ಬರೆದುಕೊಡುವ ಸೆಕ್ರೆಟರಿ ಎಲ್ಲವೂ ಅದರಲ್ಲೇ ಮುಗಿಯಬೇಕು. ಪುಕ್ಕಟೆ ರೈಲು ಪ್ರಯಾಣ ಸಿಕ್ಕಿದ್ದು 1924ರಲ್ಲಿ.

ಗೆದ್ದ ಮೇಲೆ ಮೊದಲ ಕೆಲಸ ಪ್ರಮಾಣವಚನ. ದೇವರ ಹೆಸರು ಬೇಡವೆಂದರೆ 1888ರ ಕಾಯ್ದೆಯಂತೆ ದೃಢೀಕರಿಸಿ ಹೇಳಬಹುದು. ಎರಡನ್ನೂ ಮಾಡದೆ ಸಭೆಯಲ್ಲಿ ಮತ ಹಾಕಿದರೆ ಪ್ರತಿ ಸಲಕ್ಕೆ 500 ಪೌಂಡ್ ದಂಡ, ಜೊತೆಗೆ ಸ್ಥಾನವೂ ಹೋಗುತ್ತದೆ. ನಂತರ ಕೂರಲು ಜಾಗ ಹುಡುಕಬೇಕು. 670 ಸದಸ್ಯರಿಗೆ ಮೇಲಿನ ಗ್ಯಾಲರಿಯೂ ಸೇರಿ ನಾನೂರು ಚಿಲ್ಲರೆ ಆಸನ. ಬಜೆಟ್ ದಿನ ಜಾಗ ಬೇಕೆಂದರೆ ಪ್ರಾರ್ಥನೆಯ ಹೊತ್ತಿಗೆ ಒಳಗಿರಬೇಕು, ಹೆಸರಿನ ಚೀಟಿಯನ್ನು ಬೆಂಚಿನ ಬೆನ್ನಿಗಿರುವ ಹಿತ್ತಾಳೆ ಚೌಕಟ್ಟಿಗೆ ಸಿಕ್ಕಿಸಬೇಕು. ಪ್ರಾರ್ಥನೆಗೆ ಭಕ್ತರ ಕೊರತೆ ಆಗದಿದ್ದುದು ಇದೇ ಕಾರಣಕ್ಕೆ. 1906ರಿಂದ ಸಭೆ ಮಧ್ಯಾಹ್ನ 2.45ಕ್ಕೆ ಶುರುವಾಗಿ, ವಿರೋಧವಿರುವ ಕಲಾಪ ರಾತ್ರಿ 11ಕ್ಕೆ ನಿಲ್ಲುತ್ತಿತ್ತು. ಬೆಳಗಿನ ಹೊತ್ತು ಕೋರ್ಟು ಕಚೇರಿ ನೋಡಿಕೊಳ್ಳುವ ವಕೀಲರಿಗೆ ಹೇಳಿ ಮಾಡಿಸಿದ ವೇಳಾಪಟ್ಟಿ. ಪ್ರಶ್ನೆಗೆ ಮಂತ್ರಿಯ ಬಾಯಿಂದಲೇ ಉತ್ತರ ಬೇಕಾದರೆ ಅದರ ಮೇಲೆ ನಕ್ಷತ್ರದ ಗುರುತು ಹಾಕಬೇಕು, ಇಲ್ಲದಿದ್ದರೆ ಬರಹದಲ್ಲಿ ಬರುತ್ತದೆ. ಇದು 1902ರ ಏರ್ಪಾಟು. ವಿಧಾನಸೌಧದ ಕಲಾಪದಲ್ಲಿ "ಚುಕ್ಕೆ ಗುರುತಿನ ಪ್ರಶ್ನೆ" ಎಂದು ಕೇಳಿದಾಗ ಆ ಚುಕ್ಕೆ ಅಲ್ಲಿಂದ ಬಂದದ್ದೆಂದು ನೆನಪಿಡಬಹುದು.

ಸ್ಥಾನ ಕಳೆದುಕೊಳ್ಳುವ ದಾರಿಗಳಲ್ಲಿ ಅತಿ ಮೋಸದ್ದು ಲಾಭದಾಯಕ ಹುದ್ದೆ. ರಾಜ ಹುದ್ದೆಗಳನ್ನು ಹಂಚಿ ಸದಸ್ಯರನ್ನು ಕೊಂಡುಕೊಳ್ಳುತ್ತಾನೆ ಎಂಬ ಹಳೆಯ ಭಯದಿಂದ ಹುಟ್ಟಿದ ನಿಯಮ. ಅದರ ಪ್ರಕಾರ ಸದಸ್ಯನೊಬ್ಬ ಹೊಸದಾಗಿ ಕ್ಯಾಬಿನೆಟ್ ಮಂತ್ರಿಯಾದರೂ ಸ್ಥಾನ ತೆರವಾಗಿ, ಮತ್ತೆ ಜನರ ಮುಂದೆ ಹೋಗಬೇಕಿತ್ತು. 1908ರ ಏಪ್ರಿಲಿನಲ್ಲಿ ವಾಣಿಜ್ಯ ಮಂಡಳಿಯ ಅಧ್ಯಕ್ಷರಾಗಿ ಕ್ಯಾಬಿನೆಟ್ ಸೇರಿದ ಚರ್ಚಿಲ್ ಮ್ಯಾಂಚೆಸ್ಟರ್ ವಾಯವ್ಯದ ಉಪಚುನಾವಣೆಯಲ್ಲಿ 429 ಮತಗಳಿಂದ ಸೋತರು, ಮರುತಿಂಗಳು ಡಂಡಿಗೆ ಓಡಿ ಗೆದ್ದು ಬಂದರು. ಅವರಿಗೆ ಸಿಕ್ಕ ಅದೃಷ್ಟ ಚಾರ್ಲ್ಸ್ ಮಾಸ್ಟರ್‌ಮನ್‌ಗೆ ಸಿಗಲಿಲ್ಲ. 1914ರಲ್ಲಿ ಕ್ಯಾಬಿನೆಟ್ ಸೇರಿ ಬೆತ್ನಲ್ ಗ್ರೀನ್‌ನಲ್ಲಿ ಸೋತರು, ಇಪ್ಸ್‌ವಿಚ್‌ನಲ್ಲೂ ಸೋತರು, ಮುಂದಿನ ವರ್ಷ ಮಂತ್ರಿಪದವಿ ಬಿಟ್ಟರು. ಈ ನಿಯಮವನ್ನು 1919ರಲ್ಲಿ ಸಡಿಲಿಸಿ 1926ರಲ್ಲಿ ತೆಗೆದುಹಾಕಿದರು.

ಗುತ್ತಿಗೆಯ ನಿಯಮ ಇನ್ನೂ ಹರಿತ. 1782ರ ಕಾಯ್ದೆಯ ಪ್ರಕಾರ ಸರ್ಕಾರದೊಡನೆ ಗುತ್ತಿಗೆ ಇದ್ದವನು ಸದಸ್ಯನಾಗಿರುವಂತಿರಲಿಲ್ಲ. ಇದರಲ್ಲಿ ಸಿಕ್ಕಿಬಿದ್ದವರು ವೈಟ್‌ಚಾಪೆಲ್‌ನ ಸರ್ ಸ್ಟುವರ್ಟ್ ಸ್ಯಾಮುಯೆಲ್, ಅದೂ ನಮ್ಮ ರೂಪಾಯಿಯ ದೆಸೆಯಿಂದ. 1912ರಲ್ಲಿ ರೂಪಾಯಿ ನಾಣ್ಯಕ್ಕೆ ಬೆಳ್ಳಿ ಬೇಕಾಗಿ ಲಂಡನ್ನಿನ ಇಂಡಿಯಾ ಆಫೀಸು ಗುಟ್ಟಾಗಿ ಖರೀದಿಗೆ ಇಳಿಯಿತು. ಬೆಲೆ ಏರಬಾರದೆಂದು ಸ್ಯಾಮುಯೆಲ್ ಮಾಂಟಗು ಕಂಪನಿಯ ಮೂಲಕ ಕೊಂಡರು. ಸರ್ ಸ್ಟುವರ್ಟ್ ಆ ಕಂಪನಿಯ ಪಾಲುದಾರ. ಭಾರತದ ಲೆಕ್ಕಕ್ಕೆ ಕೊಂಡ ಬೆಳ್ಳಿ ಬ್ರಿಟಿಷ್ ಕಾಯ್ದೆ ಹೇಳುವ ಸರ್ಕಾರಿ ಗುತ್ತಿಗೆಯಾಗುತ್ತದೆಯೇ ಎಂಬ ಪ್ರಶ್ನೆ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಆಗುತ್ತದೆ, ಸ್ಥಾನ ತೆರವಾಗಿದೆ ಎಂದು 1913ರಲ್ಲಿ ಅಭಿಪ್ರಾಯ ಬಂತು. ಅವರು ಅದೇ ಕ್ಷೇತ್ರದಲ್ಲಿ ಮತ್ತೆ ನಿಂತು ಗೆದ್ದರು.

ಒಳಗೆ ಬಂದವನಿಗೆ ಸ್ವಂತ ಇಷ್ಟದಿಂದ ಹೊರಗೆ ಹೋಗುವುದೂ ನೇರವಲ್ಲ. 1624ರ ನಿರ್ಣಯದಂತೆ ಸದಸ್ಯ ರಾಜೀನಾಮೆ ಕೊಡುವಂತಿಲ್ಲ. ಹಾಗಾಗಿ ಮೇಲೆ ಹೇಳಿದ ಲಾಭದಾಯಕ ಹುದ್ದೆಯ ಬಲೆಯನ್ನೇ ಏಣಿ ಮಾಡಿಕೊಂಡರು. ಬಕಿಂಗ್‌ಹ್ಯಾಮ್‌ಶೈರ್‌ನ ಚಿಲ್ಟರ್ನ್ ಹಂಡ್ರೆಡ್ಸ್ ಎಂಬ ಪ್ರದೇಶದ ಪಾರುಪತ್ತೇದಾರಿಕೆಯನ್ನು ಕೊಡಿ ಎಂದು ಹಣಕಾಸು ಮಂತ್ರಿಗೆ ಅರ್ಜಿ ಬರೆಯುವುದು. ಕೆಲಸ ಇಲ್ಲ, ಸಂಬಳ ಇಲ್ಲ, ಆದರೂ ಕಾಗದದಲ್ಲಿ ಅದು ರಾಜನ ಹುದ್ದೆ. ನೇಮಕವಾದ ಗಳಿಗೆಗೆ ಸ್ಥಾನ ಖಾಲಿ. 1912ರಲ್ಲಿ ಮಹಿಳೆಯರ ಮತದ ಹಕ್ಕಿಗಾಗಿ ಲೇಬರ್ ಸದಸ್ಯ ಜಾರ್ಜ್ ಲ್ಯಾನ್ಸ್‌ಬರಿ ತಮ್ಮ ಸ್ಥಾನ ಬಿಟ್ಟು, ಬೋ ಮತ್ತು ಬ್ರಾಮ್ಲಿ ಎಂಬ ತಮ್ಮದೇ ಕ್ಷೇತ್ರದಲ್ಲಿ ಮತ್ತೆ ಸ್ಪರ್ಧಿಸಿದರು. ಮತದಾರರೆಲ್ಲ ಗಂಡಸರೇ. 751 ಮತಗಳಿಂದ ಸೋತರು, ಮತ್ತೆ ಸಭೆಗೆ ಬರಲು ಹತ್ತು ವರ್ಷ ಹಿಡಿಯಿತು.

ಇನ್ನೊಬ್ಬ ಅರ್ಜಿದಾರ ಬರುವವರೆಗೆ ಆ ಪಾರುಪತ್ತೇದಾರಿಕೆ ಹಿಂದಿನವನ ಹೆಸರಿನಲ್ಲೇ ಇರುತ್ತಿತ್ತು. ಇಬ್ಬರು ಒಟ್ಟಿಗೆ ಹೊರಟರೆ ಎರಡನೆಯವನಿಗೆ ಯಾರ್ಕ್‌ಶೈರಿನ ನಾರ್ತ್‌ಸ್ಟೆಡ್ ಜಹಗೀರಿನ ಪಾರುಪತ್ತೇದಾರಿಕೆ ಕೊಡುತ್ತಿದ್ದರು.