ಕಡಲತಡಿಯ ಬಾಡಿಗೆ ಮನೆ

ಮಗಳು ಪುದುಚೇರಿಯಲ್ಲಿ ಹಿಡಿಯಲಿರುವ ಮನೆಯ ಬಾಡಿಗೆ ಕರಾರಿನ ಕರಡನ್ನು ಇಂದು ದಾವಣಗೆರೆಯ ನಮ್ಮ ಪಡಸಾಲೆಯಲ್ಲಿ ಕುಳಿತು, ಮಂಡಕ್ಕಿಯ ಎಣ್ಣೆ ಕಾಗದಕ್ಕೆ ತಾಗದಂತೆ ಎಚ್ಚರ ವಹಿಸುತ್ತ, ಎರಡು ಬಾರಿ ಓದಿದೆ. ಅವಧಿ 11 ತಿಂಗಳು. ವರ್ಷ ಮೀರುವ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ಕಡ್ಡಾಯವಾಗಿ ನೋಂದಾಯಿಸಬೇಕಾಗುವುದರಿಂದ, ಇಲ್ಲಿಯಂತೆ ಅಲ್ಲಿಯೂ ಇದೇ ರೂಢಿ. ಮುಂಗಡವಾಗಿ ಮಾತ್ರ ಆರು ತಿಂಗಳ ಬಾಡಿಗೆ ಕೇಳಿದ್ದಾರೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡೇ ತಿಂಗಳ ಮಿತಿ ಹೇಳುತ್ತದೆ, ಆದರೆ ಆಯಾ ಸರ್ಕಾರ ಒಪ್ಪಿದರಷ್ಟೇ ಜಾರಿಯಾಗುವ ಮಾದರಿಯಲ್ಲವೇ ಅದು! "ಅಪ್ಪಾಜಿ, ಫ್ರೆಂಚರ ಕಾಲದ ಹಳದಿ ಗೋಡೆ, ಕೆಳಗೇ ಚಿತ್ರಶಾಲೆ" ಎಂದು ಅವಳು ಹಿಗ್ಗಿನಿಂದ ಕಳುಹಿಸಿದ ಫೋಟೋದಲ್ಲಿ ನನ್ನ ಕಣ್ಣು ಹೋದದ್ದು ಕಿಟಕಿಯ ಬಿಜಾಗರಿಗೆ: ಉಪ್ಪುಗಾಳಿಗೆ ತುಕ್ಕು ಹಿಡಿದು, ಹಲಗೆಯ ಮೇಲೆ ಕೆಂಪು ಪುಡಿ ಉದುರಿತ್ತು. ದುರಸ್ತಿಯ ಹೊಣೆ ಯಾರದೆಂಬ ಸಾಲು ಕರಡಿನಲ್ಲಿ ಇರಲಿಲ್ಲ. ಸಹಿ ಹಾಕುವ ಮೊದಲು ಅದನ್ನು ಸೇರಿಸಲು ಹೇಳಿದ್ದೇನೆ.